ಮೀನಿಗೊಂದು ಜಾಗ, ಕರಡಿಗೊಂದು ಜಾಗ: ಸಾಲ್ಮನ್ ಕಾಲದಲ್ಲಿ ಎಲ್ಲಿಗೆ ಹೋಗಬೇಕು?

ಅಮೆರಿಕದ ಪಶ್ಚಿಮ ಕರಾವಳಿಯ ಕನ್ನಡಿಗರ ಮನೆಗಳಲ್ಲಿ ಆಗಸ್ಟ್ ಕಳೆಯುತ್ತಿದ್ದಂತೆ ಒಂದು ಬೇಡಿಕೆ ಹುಟ್ಟಿಕೊಳ್ಳುತ್ತದೆ. ಊರಿನಿಂದ ಬಂದ ಅಪ್ಪ, ಅಮ್ಮ ಟಿವಿಯಲ್ಲಿ ನೋಡಿರುತ್ತಾರೆ: ಜಲಪಾತದ ತುದಿಯಲ್ಲಿ ಬಾಯಿ ತೆರೆದು ನಿಂತ ಕರಡಿ, ನೇರ ಅದರ ಬಾಯಿಗೇ ಹಾರಿ ಬೀಳುವ ಸಾಲ್ಮನ್, ಅಂದರೆ ಸಮುದ್ರದಲ್ಲಿ ಬೆಳೆದು ಮೊಟ್ಟೆಯಿಡಲು ಹೊಳೆಗೆ ಮರಳುವ ಮೀನು. ಅದನ್ನು ಕಣ್ಣಾರೆ ನೋಡಬೇಕು, ಹೆಚ್ಚು ನಡೆಯುವಂತಿರಬಾರದು, ಒಂದು ವಾರಾಂತ್ಯದಲ್ಲಿ ಮುಗಿಯಬೇಕು.

ಈ ಮೂರೂ ಒಟ್ಟಿಗೆ ಸಿಗುವ ಜಾಗ ಇಲ್ಲ. ಯಾವುದಾದರೊಂದನ್ನು ಬಿಡಲೇಬೇಕು, ಮತ್ತು ಯಾವುದನ್ನು ಬಿಡುತ್ತೀರಿ ಎಂಬುದರ ಮೇಲೆಯೇ ನಿಮ್ಮ ಆಯ್ಕೆ ನಿಂತಿದೆ. ನನ್ನನ್ನು ಕೇಳಿದರೆ ಮೀನು ಮೊಟ್ಟೆಯಿಡುವ ವಾರವನ್ನು ಹಿಡಿದು ಜಾಗ ಆರಿಸಿ. ಕರಡಿ ಬಂದರೆ ಅದು ಮೇಲಿನ ಲಾಭ. ಕರಡಿಯೇ ಬೇಕೆಂಬ ಹಠವಿದ್ದರೆ ಅದು ಬೇರೆಯೇ ಪ್ರವಾಸ, ಬೇರೆಯೇ ಖರ್ಚು. ಎರಡನ್ನೂ ಗಂಟುಹಾಕಿ ಹೊರಟವರು ಸಾಮಾನ್ಯವಾಗಿ ಎರಡನ್ನೂ ಅರೆಬರೆ ನೋಡಿ ಬರುತ್ತಾರೆ.

ಹಾರುವ ಮೀನು ಬೇರೆ, ಮೊಟ್ಟೆಯಿಡುವ ಮೀನು ಬೇರೆ

ಟಿವಿಯ ಆ ದೃಶ್ಯ ಅಲಾಸ್ಕದ ಬ್ರೂಕ್ಸ್ ಜಲಪಾತದ್ದು, ಜುಲೈ ತಿಂಗಳದ್ದು. ಅಲ್ಲಿ ಹಾರುವ ಸಾಲ್ಮನ್ ಆಗ ಮೊಟ್ಟೆಯಿಡುತ್ತಿರುವುದಿಲ್ಲ, ಮೊಟ್ಟೆಯಿಡುವ ಜಾಗಕ್ಕೆ ಹೋಗುತ್ತಿರುತ್ತದೆ. ಅದರ ಮೈ ಇನ್ನೂ ಬಹುಮಟ್ಟಿಗೆ ಬೆಳ್ಳಗೇ ಇರುತ್ತದೆ. ವಾರಗಳು ಕಳೆದು, ಮೈ ಕೆಂಪೇರಿ, ದವಡೆ ಕೊಕ್ಕೆಯಂತೆ ಬಾಗಿ, ಗಂಡಿನ ಬೆನ್ನಿನ ಮೇಲೆ ಡುಬ್ಬ ಎದ್ದ ಮೇಲೆಯೇ ನಿಜವಾದ ಕೆಲಸ ಶುರುವಾಗುವುದು. ಆಗ ಅದು ಹಾರುವುದಿಲ್ಲ. ಮೊಣಕಾಲುದ್ದದ ನೀರಿನಲ್ಲಿ ಒಂದೇ ಜಾಗದಲ್ಲಿ ಗಂಟೆಗಟ್ಟಲೆ ನಿಂತಿರುತ್ತದೆ. ನೋಡುವವರಿಗೆ ಇದಕ್ಕಿಂತ ಅನುಕೂಲ ಬೇರೆ ಇಲ್ಲ.

ಹೆಣ್ಣು ಒಂದು ಬದಿಗೆ ಮಗ್ಗುಲಾಗಿ ಬಾಲದಿಂದ ನೀರನ್ನು ಪಟಪಟ ಬಡಿಯುತ್ತದೆ. ತಳದ ನುರುಜುಗಲ್ಲು ಎದ್ದು ಹರಿವಿನೊಂದಿಗೆ ಸ್ವಲ್ಪ ಕೆಳಗೆ ಹೋಗಿ ಕೂರುತ್ತದೆ. ಮತ್ತೆ ಬಡಿತ, ಮತ್ತೆ ಕಲ್ಲು. ಗುಳಿ ಸಾಕಷ್ಟು ಆಳವಾಯಿತೇ ಎಂದು ಹೊಟ್ಟೆಯ ಕೆಳಗಿನ ರೆಕ್ಕೆಯನ್ನು ಇಳಿಬಿಟ್ಟು ನೋಡುತ್ತದೆ. ಪಕ್ಕದಲ್ಲಿ ಗಂಡು, ಅದರ ಹಿಂದೆ ಇನ್ನೊಂದು ಗಂಡು, ಎರಡರ ನಡುವೆ ಕಚ್ಚಾಟ. ಕೊನೆಗೆ ಹೆಣ್ಣು ಗಂಡು ಅಕ್ಕಪಕ್ಕ ಬಂದು, ಬಾಯಿ ಅಗಲವಾಗಿ ತೆರೆದು, ಮೈ ನಡುಗಿಸುತ್ತವೆ. ನೀರಿನಲ್ಲಿ ಹಾಲಿನಂಥ ಒಂದು ಮೋಡ ಕ್ಷಣಹೊತ್ತು ನಿಂತು ಕರಗುತ್ತದೆ. ಹೆಣ್ಣು ಹರಿವಿನ ಮೇಲ್ಗಡೆಯ ಕಲ್ಲನ್ನು ಬಡಿದು ಮೊಟ್ಟೆಗಳನ್ನು ಮುಚ್ಚುತ್ತದೆ. ಅಷ್ಟರಲ್ಲಿ ಅದರ ಬಾಲದ ಚರ್ಮ ಸವೆದು ಬೆಳ್ಳಗೆ ಕಾಣುತ್ತಿರುತ್ತದೆ. ಅಗೆದ ಮೀನನ್ನು ಗುರುತಿಸಲು ಆ ಬಿಳಿ ಬಾಲವೇ ಸಾಕು.

ಉತ್ತರ ಅಮೆರಿಕದ ಪೆಸಿಫಿಕ್ ಸಾಲ್ಮನ್‌ಗಳಲ್ಲಿ ಐದು ಜಾತಿ: ಚಿನೂಕ್, ಸಾಕೈ, ಕೋಹೋ, ಚಮ್, ಪಿಂಕ್. ಐದೂ ಒಮ್ಮೆ ಮೊಟ್ಟೆಯಿಟ್ಟು ಸಾಯುತ್ತವೆ. ನೋಡುವವರ ಕಣ್ಣಿಗೆ ಸಾಕೈಗೆ ಸಮ ಇನ್ನೊಂದಿಲ್ಲ: ಮೈ ಕುಂಕುಮಗೆಂಪು, ತಲೆ ಹಸಿರು, ದಡದಿಂದಲೇ ಎದ್ದು ಕಾಣುತ್ತದೆ. ಚಮ್ ಮೈಮೇಲೆ ನೇರಳೆ, ಹಸಿರು ಪಟ್ಟೆಗಳಿವೆ, ಮೋಡದ ದಿನ ಕಂದು ನೀರಿನಲ್ಲಿ ಬೇಗ ಕಾಣುವುದಿಲ್ಲ. ಚಿನೂಕ್ ಎಲ್ಲಕ್ಕಿಂತ ದೊಡ್ಡದು. ಪಿಂಕ್‌ನ ಆಯುಸ್ಸು ಎರಡೇ ವರ್ಷ. ಸಿಯಾಟಲ್ ಸುತ್ತಿನ ಹೊಳೆಗಳಿಗೆ ಅದು ದಂಡಿಯಾಗಿ ಬರುವುದು ಬೆಸಸಂಖ್ಯೆಯ ವರ್ಷಗಳಲ್ಲಿ ಮಾತ್ರ.

ಇನ್ನೊಂದು ಮಾತನ್ನು ಮನೆಯ ಹಿರಿಯರಿಗೆ, ಅದರಲ್ಲೂ ಸಸ್ಯಾಹಾರಿಗಳಿಗೆ, ಹೊರಡುವ ಮೊದಲೇ ಹೇಳಿಡಿ. ಹೊಳೆಯ ದಡದಲ್ಲಿ ಸತ್ತ ಮೀನುಗಳು ಬಿದ್ದಿರುತ್ತವೆ, ಕಾಲ ಮುಗಿಯುತ್ತಾ ಬಂದಂತೆ ರಾಶಿ ರಾಶಿ. ವಾಸನೆ ತಡೆಯಲಾಗದಷ್ಟಿರುತ್ತದೆ. ಹಾಗಾಗಿ ಆಯಾ ಜಾಗದ ಕಾಲದ ಮೊದಲ ಅರ್ಧದಲ್ಲಿ ಹೋಗುವುದು ಜಾಣತನ.

ಸಿಯಾಟಲ್‌ನಲ್ಲಿದ್ದರೆ

ಬಲ್ಲಾರ್ಡ್‌ನ ಹಡಗು ಲಾಕ್‌ಗಳಿಗೆ, ಅಂದರೆ ಹಡಗುಗಳನ್ನು ಒಂದು ನೀರಿನ ಮಟ್ಟದಿಂದ ಇನ್ನೊಂದಕ್ಕೆ ಏರಿಸಿ ಇಳಿಸುವ ಕಟ್ಟೆಗಳಿಗೆ, ಎಲ್ಲರೂ ಹೋಗುತ್ತಾರೆ. 1917ರಲ್ಲಿ ತೆರೆದ ಈ ಲಾಕ್‌ಗಳ ಪಕ್ಕದಲ್ಲಿ ಮೀನು ಹತ್ತಲು 21 ಮೆಟ್ಟಿಲಿನ ಏಣಿ ಇದೆ, ನೆಲದಡಿಯಲ್ಲಿ ಗಾಜಿನ ಕಿಟಕಿಗಳಿವೆ. ಜುಲೈನಲ್ಲಿ ಸಾಕೈ, ಆಗಸ್ಟ್ ಕೊನೆಯ ಹೊತ್ತಿಗೆ ಚಿನೂಕ್, ಆಮೇಲೆ ಕೋಹೋ. ಗಾಲಿಕುರ್ಚಿಯಲ್ಲಿರುವ ಅಜ್ಜಿಯಿಂದ ತಳ್ಳುಗಾಡಿಯ ಮಗುವಿನವರೆಗೆ ಎಲ್ಲರೂ ನೋಡಬಹುದು. ಆದರೆ ಇದು ಹಾದುಹೋಗುವ ಮೀನು. ಮೊಟ್ಟೆಯಿಡುವುದನ್ನು ಇಲ್ಲಿ ಕಾಯುವುದು ಬಸ್‌ಸ್ಟ್ಯಾಂಡಿನಲ್ಲಿ ನಿಂತು ಮದುವೆ ನೋಡಲು ಕಾದಂತೆ.

ಇಸಾಕ್ವಾದ ಸಾಲ್ಮನ್ ಮರಿ ಕೇಂದ್ರ 1936ರದ್ದು, ಊರಿನ ನಡುವೆಯೇ ಇದೆ, ಪ್ರವೇಶ ಉಚಿತ. ಸೆಪ್ಟೆಂಬರ್‌ನಿಂದ ಚಿನೂಕ್, ಅಕ್ಟೋಬರ್‌ನಲ್ಲಿ ಕೋಹೋ ಸೇರಿಕೊಳ್ಳುತ್ತದೆ. ಸೇತುವೆಯ ಮೇಲೆ ನಿಂತರೆ ಕೆಳಗೆ ತೋಳುದ್ದದ ಮೀನುಗಳು ತಡೆಗೋಡೆಯತ್ತ ನುಗ್ಗುವುದು ಕಾಣುತ್ತದೆ. ಅಕ್ಟೋಬರ್‌ನ ಮೊದಲ ಪೂರ್ಣ ವಾರಾಂತ್ಯದಲ್ಲಿ ದೊಡ್ಡ ಜಾತ್ರೆ. ಕಾರು ನಿಲ್ಲಿಸುವ ಚಿಂತೆ ಇರುವವರು ಅದರ ಹಿಂದಿನ ಅಥವಾ ಮುಂದಿನ ವಾರ ಹೋಗಲಿ. ಒಂದು ಎಚ್ಚರಿಕೆ: ಮರಿ ಕೇಂದ್ರದಲ್ಲಿ ಮೀನು ತಾನಾಗಿ ಮೊಟ್ಟೆಯಿಡುವುದಿಲ್ಲ. ಸಿಬ್ಬಂದಿ ಹೆಣ್ಣನ್ನು ಕೊಂದು, ಹೊಟ್ಟೆ ಸೀಳಿ ಮೊಟ್ಟೆ ತೆಗೆದು, ಬಕೆಟ್ಟಿನಲ್ಲಿ ಗಂಡಿನ ವೀರ್ಯದೊಂದಿಗೆ ಬೆರೆಸುತ್ತಾರೆ. ಕುತೂಹಲವಿರುವ ಹತ್ತು ವರ್ಷದ ಮಗುವಿಗೆ ಅದೊಂದು ಒಳ್ಳೆಯ ಜೀವಶಾಸ್ತ್ರ ಪಾಠ. ನಮ್ಮ ಅನೇಕ ಅಮ್ಮಂದಿರಿಗೆ ಅಲ್ಲ.

ನನ್ನ ಮೆಚ್ಚಿನದು ರೆಂಟನ್. ಸೀಡರ್ ಹೊಳೆಗೆ ಅಡ್ಡಲಾಗಿ, ಸೇತುವೆಯಂತೆ, 1966ರಲ್ಲಿ ಕಟ್ಟಿದ ಸಾರ್ವಜನಿಕ ಗ್ರಂಥಾಲಯ ಅಲ್ಲಿದೆ. ಅಕ್ಟೋಬರ್‌ನಲ್ಲಿ ಅದರ ಪಕ್ಕದ ಕಾಲುದಾರಿಯಿಂದ ಕೆಳಗೆ ಬಗ್ಗಿ ನೋಡಿದರೆ ಕೆಂಪು ಸಾಕೈಗಳು ಹೊಳೆಯ ತಳದಲ್ಲಿ ಕಾಣುತ್ತವೆ. ನೋಡಿ ಸಾಕಾದರೆ ಒಳಗೆ ಹೋಗಿ ಪತ್ರಿಕೆ ಓದುತ್ತಾ ಕೂರಬಹುದು. ಕೊರತೆಯೆಂದರೆ ಈ ಹೊಳೆಯ ಸಾಕೈ ಸಂಖ್ಯೆ ಇತ್ತೀಚಿನ ವರ್ಷಗಳಲ್ಲಿ ತೀರಾ ಕುಸಿದಿದೆ. ನವೆಂಬರ್‌ವರೆಗೆ ತಡವಾಯಿತೆಂದರೆ ಸಿಯಾಟಲ್ ನಗರದೊಳಗಿನ ಕಾರ್ಕೀಕ್ ಉದ್ಯಾನವಿದೆ. ಅಲ್ಲಿನ ಪೈಪರ್ಸ್ ತೊರೆಗೆ ಚಮ್ ಬರುವುದು ಆಗಲೇ. ತೊರೆ ಎಷ್ಟು ಚಿಕ್ಕದೆಂದರೆ ಮೀನಿನ ಬೆನ್ನು ನೀರಿನ ಮೇಲೆಯೇ ಇರುತ್ತದೆ.

ಈ ನಾಲ್ಕರಲ್ಲೂ ಕರಡಿಯ ಮಾತು ಬೇಡ.

ಬೇ ಏರಿಯಾದವರಿಗೆ ತಾಹೋ

ಕ್ಯಾಲಿಫೋರ್ನಿಯಾದವರಿಗೆ ಮೀನು, ಕರಡಿ ಎರಡರ ಆಸೆಯನ್ನೂ ಇಟ್ಟುಕೊಳ್ಳಬಹುದಾದ ಹತ್ತಿರದ ಜಾಗ ಎಂದರೆ ಸೌತ್ ಲೇಕ್ ತಾಹೋದ ಟೇಲರ್ ತೊರೆ. ಸ್ಯಾನ್ ಫ್ರಾನ್ಸಿಸ್ಕೋದಿಂದ ನಾಲ್ಕು ಗಂಟೆಯ ದಾರಿ. ಇಲ್ಲಿ ಬರುವುದು ಕೊಕನಿ, ಅಂದರೆ ಸಮುದ್ರ ಕಾಣದೆ ಸರೋವರದಲ್ಲೇ ಬೆಳೆಯುವ ಸಾಕೈ. ತಾಹೋಗೆ ಇದು ಮೂಲದ್ದಲ್ಲ, 1944ರಲ್ಲಿ ತಂದು ಬಿಟ್ಟದ್ದು. ಗಾತ್ರದಲ್ಲಿ ಸಮುದ್ರದ ಸಾಕೈಗಿಂತ ಬಹಳ ಚಿಕ್ಕದು. ಬಣ್ಣ ಮಾತ್ರ ಅದೇ ಕೆಂಪು. ಅಕ್ಟೋಬರ್‌ನಲ್ಲಿ ತೊರೆಯ ತುಂಬ ಅದೇ.

ಅರಣ್ಯ ಇಲಾಖೆಯ ಪ್ರವಾಸಿ ಕೇಂದ್ರದಿಂದ ಹೊರಡುವ ರೇನ್‌ಬೋ ಕಾಲುದಾರಿ ಒಂದು ಕಿಲೋಮೀಟರಿಗೂ ಕಡಿಮೆ, ಸಮತಟ್ಟು. ದಾರಿಯಲ್ಲಿ ನೆಲದ ಕೆಳಗೆ ಒಂದು ಕೋಣೆ. ಅದರ ಒಂದು ಗೋಡೆ ಪೂರ್ತಿ ಗಾಜು, ಗಾಜಿನಾಚೆ ತೊರೆಯ ನೀರು. ಮೀನಿನ ಕಣ್ಣಿನ ಎತ್ತರದಲ್ಲೇ ನಿಂತು ನೋಡಬಹುದು. ಮಕ್ಕಳನ್ನು ಅಲ್ಲಿಂದ ಎಬ್ಬಿಸುವುದು ಕಷ್ಟ. ಕೋಣೆಯನ್ನು ಆಗಾಗ ಮುಚ್ಚುವುದುಂಟು, ವಿಚಾರಿಸಿಕೊಂಡೇ ಹೊರಡಿ.

ಇಲ್ಲಿನವು ಕಪ್ಪು ಕರಡಿಗಳು. ಕ್ಯಾಲಿಫೋರ್ನಿಯಾದ ಬಾವುಟದ ಮೇಲಿರುವ ಗ್ರಿಜ್ಲಿ ಎಂಬ ಕಂದು ಕರಡಿ ಆ ರಾಜ್ಯದಿಂದ ಮರೆಯಾಗಿ ನೂರು ವರ್ಷವಾಯಿತು. ಮೈಬಣ್ಣ ನೋಡಿ ಮೋಸಹೋಗಬೇಡಿ: ಕಪ್ಪು ಕರಡಿ ಎಂದು ಕರೆಸಿಕೊಳ್ಳುವುದು ದಾಲ್ಚಿನ್ನಿ ಬಣ್ಣದಲ್ಲೂ ಇರುತ್ತದೆ. ಮುಂಜಾನೆ, ಸಂಜೆ ಅವು ತೊರೆಗೆ ಇಳಿಯುತ್ತವೆ. ಅವು ಬಂದಾಗ ಮೊಬೈಲ್ ಹಿಡಿದ ಜನ ಮುಗಿಬೀಳುವುದೂ ಉಂಟು. ತಾಯಿ ಒಂದು ಕಡೆ, ಮರಿ ಇನ್ನೊಂದು ಕಡೆ, ನಡುವೆ ಸೆಲ್ಫಿ ತೆಗೆಯುವ ಮನುಷ್ಯ. ಇಂಥ ಕಾರಣಕ್ಕೆ ಇಲಾಖೆ ಕಾಲುದಾರಿಯನ್ನೇ ಮುಚ್ಚಿದ್ದಿದೆ. ಅಂದರೆ ಇಲ್ಲಿ ಕರಡಿ ಹೆಚ್ಚಾದರೆ ನಿಮಗೆ ಮೀನೂ ಇಲ್ಲವಾಗಬಹುದು. ಹಾಗೆಂದೇ ಇದನ್ನು ಮೀನಿನ ಜಾಗವೆಂದು ಲೆಕ್ಕ ಹಾಕಿ ಹೋಗಿ.

ಗಡಿ ದಾಟಬಲ್ಲವರಿಗೆ ಎರಡು ಹೊಳೆ

ಬ್ರಿಟಿಷ್ ಕೊಲಂಬಿಯಾದ ಆಡಮ್ಸ್ ಹೊಳೆಯ ಹೆಸರು ಮೊದಲು ಬರಬೇಕು. ಚೇಸ್ ಎಂಬ ಊರಿನ ಹತ್ತಿರ, ವ್ಯಾಂಕೂವರ್‌ನಿಂದ ಸುಮಾರು ಐದು ಗಂಟೆಯ ದಾರಿ. ಸಮುದ್ರದಿಂದ ಫ್ರೇಸರ್, ಥಾಂಪ್ಸನ್ ನದಿಗಳನ್ನು ಹತ್ತಿ ಸುಮಾರು 500 ಕಿಲೋಮೀಟರ್ ಈಜಿ ಸಾಕೈಗಳು ಇಲ್ಲಿಗೆ ಬರುತ್ತವೆ, ಆ ದಾರಿಯುದ್ದಕ್ಕೂ ಉಪವಾಸ. ಪ್ರತಿ ವರ್ಷವೂ ಬರುತ್ತವೆ. ಆದರೆ ನಾಲ್ಕು ವರ್ಷಕ್ಕೊಮ್ಮೆ ಬರುವ ದಂಡೇ ಬೇರೆ. 2010, 2014, 2018, 2022 ಅಂಥ ವರ್ಷಗಳು. ಆ ಲೆಕ್ಕದಲ್ಲಿ ಮುಂದಿನವು 2026 ಮತ್ತು 2030. 2010ರಲ್ಲಂತೂ ಫ್ರೇಸರ್ ನದಿಗೆ ಕೋಟಿಗಳ ಲೆಕ್ಕದಲ್ಲಿ ಸಾಕೈ ಬಂದು ಎಲ್ಲರನ್ನೂ ದಂಗುಬಡಿಸಿತು. ಅದರ ಹಿಂದಿನ ವರ್ಷ ಮೀನು ಬಾರದೆ ಸರ್ಕಾರ ತನಿಖಾ ಆಯೋಗ ನೇಮಿಸಿತ್ತು! ಅಕ್ಟೋಬರ್‌ನ ಮೊದಲ ಮೂರು ವಾರ ನೋಡಲು ಸರಿಯಾದ ಸಮಯ. ಹೊಳೆಯ ದಡದ ಉದ್ಯಾನದ ಹೆಸರು ಈಗ ಅಲ್ಲಿನ ಮೂಲನಿವಾಸಿಗಳಾದ ಸೆಕ್ವೆಪೆಮ್ಕ್ ಜನರ ಭಾಷೆಯಲ್ಲಿದೆ. ಹಳೆಯ ನಕ್ಷೆಗಳಲ್ಲಿ ರಾಡರಿಕ್ ಹೇಗ್-ಬ್ರೌನ್ ಎಂದೇ ಇರುತ್ತದೆ. ಕಾಡಿನಲ್ಲಿ ಕಪ್ಪು ಕರಡಿಗಳಿವೆ, ಆದರೆ ದೊಡ್ಡ ವರ್ಷಗಳಲ್ಲಿ ನಡೆಯುವ ಉತ್ಸವದ ಜನಜಂಗುಳಿಯಲ್ಲಿ ಅವು ಮುಖ ತೋರಿಸುತ್ತವೆಂದು ಎಣಿಸಬೇಡಿ.

ಎರಡನೆಯದು ವಿಕ್ಟೋರಿಯಾ ನಗರದಿಂದ ಅರ್ಧ ಗಂಟೆಯೊಳಗಿನ ಗೋಲ್ಡ್‌ಸ್ಟ್ರೀಮ್ ಉದ್ಯಾನ. ಇಲ್ಲಿ ಚಮ್, ಅಕ್ಟೋಬರ್ ಕೊನೆಯಿಂದ ಡಿಸೆಂಬರ್ ಆರಂಭದವರೆಗೆ. ಹಳೆಯ ಸೀಡರ್ ಮರಗಳ ಕೆಳಗೆ ಸಮತಟ್ಟಾದ ದಾರಿ, ಪಕ್ಕದಲ್ಲೇ ಹೊಳೆ. ಡಿಸೆಂಬರ್‌ನಲ್ಲಿ ಸತ್ತ ಮೀನು ತಿನ್ನಲು ಬೋಳುಹದ್ದುಗಳು ಸೇರುತ್ತವೆ. ನನ್ನ ಮಟ್ಟಿಗೆ ಮಳೆಯಲ್ಲಿ ನೆನೆದು ಕುಳಿತ ಆ ಹದ್ದುಗಳಿಗೇ ಅರ್ಧ ಅಂಕ. ನಾಯಿ ಸಾಕಿದವರು ಅದನ್ನು ಮನೆಯಲ್ಲೇ ಬಿಟ್ಟುಬನ್ನಿ. ಈ ಕರಾವಳಿಯಲ್ಲಿ ಹಸಿ ಸಾಲ್ಮನ್ ತಿಂದ ನಾಯಿ ಅದರೊಳಗಿನ ಪರೋಪಜೀವಿ ಹೊತ್ತು ತರುವ ಸೋಂಕಿನಿಂದ ಸಾಯುವ ಅಪಾಯವಿದೆ.

ವೀಸಾದ ಮಾತು ಇಲ್ಲೇ ಹೇಳುವುದು ಒಳ್ಳೆಯದು. ಭಾರತದ ಪಾಸ್‌ಪೋರ್ಟ್ ಹಿಡಿದು ಅಮೆರಿಕದಲ್ಲಿ ಕೆಲಸದ ವೀಸಾದ ಮೇಲಿರುವವರಿಗೂ, ಪ್ರವಾಸಿ ವೀಸಾದಲ್ಲಿ ಬಂದ ತಂದೆತಾಯಿಗೂ ಕೆನಡಾದ ವೀಸಾ ಬೇರೆ ಬೇಕು. ಅದು ಕೈಗೆ ಬರುವಷ್ಟರಲ್ಲಿ ಮೀನಿನ ಕಾಲ ಮುಗಿದಿರಬಹುದು. ಅಲಾಸ್ಕಕ್ಕೆ ಸಿಯಾಟಲ್‌ನಿಂದ ವಿಮಾನದಲ್ಲಿ ಹೋದರೆ ಈ ತಾಪತ್ರಯವಿಲ್ಲ. ಕ್ರೂಸ್ ಹಡಗಾದರೆ ಬಹುತೇಕ ಕೆನಡಾದ ಒಂದು ಬಂದರನ್ನು ಮುಟ್ಟುತ್ತದೆ, ಟಿಕೆಟ್ ಕೊಳ್ಳುವ ಮೊದಲೇ ವಿಚಾರಿಸಿ.

ಕರಡಿಯೇ ಬೇಕೆಂದರೆ ಅಲಾಸ್ಕ

ಹೋಲಿಕೆ ನಿಜವಾಗಿ ನಡೆಯಬೇಕಾದದ್ದು ಜೂನೋ ಮತ್ತು ಬ್ರೂಕ್ಸ್ ನಡುವೆ.

ಜೂನೋ ನಗರದಿಂದ ಸುಮಾರು 20 ಕಿಲೋಮೀಟರ್ ದೂರದಲ್ಲಿ ಮೆಂಡನ್‌ಹಾಲ್ ಹಿಮನದಿ. ಅದರ ಪ್ರವಾಸಿ ಕೇಂದ್ರದ ಬಾಗಿಲಲ್ಲೇ ಸ್ಟೀಪ್ ತೊರೆ. ಜುಲೈ ಮಧ್ಯದಿಂದ ಸೆಪ್ಟೆಂಬರ್‌ವರೆಗೆ ಸಾಕೈ, ಆಮೇಲೆ ಕೋಹೋ. ತೊರೆ ಚಿಕ್ಕದು, ನೀರು ತಿಳಿ, ಮೀನು ಮೊಟ್ಟೆಯಿಡುವುದು ಅಲ್ಲೇ. ತೊರೆಯ ಮೇಲೆ ಎತ್ತರದಲ್ಲಿ ಹಲಗೆಯ ಕಾಲುದಾರಿ ಹಾಕಿದ್ದಾರೆ. ಕಪ್ಪು ಕರಡಿ ಅದರ ಕೆಳಗೇ ನುಸುಳಿ ಹೋಗುತ್ತದೆ. ತಾಯಿ ಮೀನು ಹಿಡಿಯುವಾಗ ಮರಿಗಳು ಮರದ ಮೇಲೆ. ಮೀನು ಹೇರಳವಾಗಿದ್ದ ದಿನ ಕರಡಿ ಪೂರ್ತಿ ತಿನ್ನುವುದಿಲ್ಲ: ಮೀನನ್ನು ಕಾಲಲ್ಲಿ ಒತ್ತಿಹಿಡಿದು ಚರ್ಮ ಸುಲಿದು, ಮೊಟ್ಟೆ ಹೀರಿ, ಮೆದುಳು ಕಚ್ಚಿ, ಉಳಿದದ್ದನ್ನು ಬಿಸಾಡಿ ಇನ್ನೊಂದಕ್ಕೆ ಹೋಗುತ್ತದೆ. ಕಾಡಿನ ಮರಗಳಿಗೆ ಸಮುದ್ರದ ಸಾರಜನಕ ಸಿಗುವುದು ಈ ದುಂದುಗಾರಿಕೆಯಿಂದಲೇ.

ಮೊಟ್ಟೆಯಿಡುವ ಮೀನು, ಅದನ್ನು ತಿನ್ನುವ ಕರಡಿ, ಸುಲಭದ ನಡಿಗೆ ಮೂರೂ ಒಂದೇ ಕಡೆ ಸಿಗಬಹುದಾದ ಜಾಗ ನನ್ನ ತಿಳಿವಿನಲ್ಲಿ ಇದೊಂದೇ. ವಾರಾಂತ್ಯದಲ್ಲಿ ಮುಗಿಯುವುದಿಲ್ಲ ಎಂಬುದೊಂದು ಬಿಟ್ಟರೆ. ಕಷ್ಟವೆಂದರೆ ಜನ. ದಿನಕ್ಕೆ ನಾಲ್ಕೈದು ಕ್ರೂಸ್ ಹಡಗುಗಳು ಬಂದ ದಿನ ಹಲಗೆಯ ಮೇಲೆ ಕಾಲಿಡಲು ಜಾಗವಿರುವುದಿಲ್ಲ. ಜೂನೋದಲ್ಲೇ ಒಂದು ರಾತ್ರಿ ಉಳಿದು, ಹಡಗಿನವರು ಬರುವ ಮೊದಲು ಅಥವಾ ಹೋದ ಮೇಲೆ ಬನ್ನಿ. ನಗರದ ಬಸ್ಸು ಹಿಮನದಿಯವರೆಗೆ ಹೋಗುವುದಿಲ್ಲ, ಇಳಿದು ಎರಡು ಕಿಲೋಮೀಟರಿಗೂ ಹೆಚ್ಚು ನಡೆಯಬೇಕು.

ಬ್ರೂಕ್ಸ್ ಇದಕ್ಕೆ ತದ್ವಿರುದ್ಧ. ಕಟ್ಮೈ ರಾಷ್ಟ್ರೀಯ ಉದ್ಯಾನಕ್ಕೆ ರಸ್ತೆಯೇ ಇಲ್ಲ. ಆಂಕರೇಜ್‌ನಿಂದ ಕಿಂಗ್ ಸಾಲ್ಮನ್ ಎಂಬ ಊರಿಗೆ ವಿಮಾನ, ಅಲ್ಲಿಂದ ನೀರಿನ ಮೇಲಿಳಿಯುವ ಪುಟ್ಟ ವಿಮಾನ. ಒಂದು ದಿನದ ಪ್ರವಾಸಕ್ಕೇ ತಲೆಗೆ ಸಾವಿರ ಡಾಲರ್ ದಾಟುವುದು ಸಾಮಾನ್ಯ. ಇಳಿದ ಕೂಡಲೇ ಎಲ್ಲರಿಗೂ ಕರಡಿ ಶಿಷ್ಟಾಚಾರದ ಪಾಠ ಕಡ್ಡಾಯ. ಅಲ್ಲಿಂದ ಎರಡು ಕಿಲೋಮೀಟರ್‌ನಷ್ಟು ನಡೆದರೆ ಜಲಪಾತದ ಅಟ್ಟಣೆ. ಅದರ ಮೇಲೆ ಒಮ್ಮೆಗೆ 40 ಜನರಿಗೆ ಮಾತ್ರ ಅವಕಾಶ, ಜನ ಹೆಚ್ಚಿದ್ದರೆ ತಲಾ ಒಂದು ಗಂಟೆ. ಆದರೆ ಆ ಒಂದು ಗಂಟೆಯಲ್ಲಿ ಹತ್ತಾರು ಕಂದು ಕರಡಿಗಳು ಒಟ್ಟಿಗೆ ಕಾಣಬಹುದು. ಹಾರುವ ಮೀನು ಬೇಕಿದ್ದರೆ ಜುಲೈ. ಮೊಟ್ಟೆಯಿಟ್ಟು ಸೋತ ಮೀನನ್ನು ಕೆಳಹೊಳೆಯಲ್ಲಿ ಬಾಚಿ ತಿನ್ನುವ, ಮೈ ಬಂದ ಕರಡಿಗಳು ಬೇಕಿದ್ದರೆ ಸೆಪ್ಟೆಂಬರ್. ಆ ಹೊತ್ತಿಗೆ ದೊಡ್ಡ ಗಂಡುಗಳ ತೂಕ 450 ಕಿಲೋ ಮೀರಿರುತ್ತದೆ. ಆಗಸ್ಟ್‌ನಲ್ಲಿ ಹೋಗಬೇಡಿ, ಕರಡಿಗಳು ಬೇರೆ ತೊರೆಗಳಿಗೆ ಚದುರಿರುತ್ತವೆ.

ಹಣ, ಸಮಯ ಎರಡೂ ಇಲ್ಲದವರು ಬೇಸರಪಡಬೇಕಾಗಿಲ್ಲ. ಬ್ರೂಕ್ಸ್‌ನ ಕ್ಯಾಮೆರಾಗಳು ಅಂತರ್ಜಾಲದಲ್ಲಿ ಬೇಸಿಗೆಯುದ್ದಕ್ಕೂ ನೇರಪ್ರಸಾರ ಮಾಡುತ್ತವೆ. 2014ರಲ್ಲಿ ಶುರುವಾದ ದಪ್ಪ ಕರಡಿಯ ಚುನಾವಣೆ ಶರತ್ಕಾಲದಲ್ಲಿ ನಡೆಯುತ್ತದೆ. ಬೆಂಗಳೂರಿನಲ್ಲಿ ಕುಳಿತೂ ಮತ ಹಾಕಬಹುದು. ಗ್ರೇಜರ್ ಎಂಬ ಹೆಣ್ಣು ಕರಡಿ 2023, 2024 ಎರಡರಲ್ಲೂ ಗೆದ್ದಿತು.

ನಡುವಿನ ದಾರಿ ಬೇಕೆನ್ನುವವರಿಗೆ ರಾಂಗೆಲ್ ಬಳಿಯ ಆನನ್ ತೊರೆ ಇದೆ: ಪಿಂಕ್ ಮೀನು, ಕಪ್ಪು ಮತ್ತು ಕಂದು ಕರಡಿ ಎರಡೂ. ಜುಲೈ 5ರಿಂದ ಆಗಸ್ಟ್ 25ರವರೆಗೆ ಪರವಾನಗಿ ಬೇಕು, ದೋಣಿಯಲ್ಲಿ ಹೋಗಬೇಕು. ಹೈಡರ್‌ನ ಫಿಶ್ ತೊರೆಗೆ ಕಾರಿನಲ್ಲೇ ಹೋಗಬಹುದು. ಆದರೆ ದಾರಿ ಕೆನಡಾದ ಮೂಲಕ, ಹಾಗಾಗಿ ಮತ್ತೆ ಅದೇ ವೀಸಾದ ಕಥೆ.

ಬುತ್ತಿ, ಕನ್ನಡಕ, ಅಂತರ

ಧ್ರುವೀಕೃತ ಗಾಜಿನ ಕನ್ನಡಕ ಇಲ್ಲದೆ ಹೋಗಬೇಡಿ. ನೀರಿನ ಮೇಲಿನ ಹೊಳಪು ಮಾಯವಾಗಿ ತಳ ಕಾಣುತ್ತದೆ. ಕ್ಯಾಮೆರಾಕ್ಕಿಂತ ಇದು ಮುಖ್ಯ. ಸೂರ್ಯ ನೆತ್ತಿಯ ಮೇಲಿರುವಾಗ ಮೀನು ಚೆನ್ನಾಗಿ ಕಾಣುತ್ತದೆ. ಕರಡಿ ಕಾಣುವುದು ಬೆಳಗ್ಗೆ, ಸಂಜೆ. ತಳದಲ್ಲಿ ಸುತ್ತಲಿನ ಪಾಚಿಗಲ್ಲಿಗಿಂತ ತಿಳಿ ಬಣ್ಣದ, ತೊಳೆದಂತಿರುವ ಕಲ್ಲಿನ ತೇಪೆ ಕಂಡರೆ ಅದೇ ಮೊಟ್ಟೆಯ ಗುಳಿ. ನೀರಿಗೆ ಕಾಲಿಡಬೇಡಿ, ಮಕ್ಕಳನ್ನೂ ಬಿಡಬೇಡಿ.

ಶೃಂಗೇರಿಯಲ್ಲಿ ತುಂಗೆಯ ಮೆಟ್ಟಿಲ ಮೇಲೆ ಕುಳಿತು ಮೀನಿಗೆ ಮಂಡಕ್ಕಿ ಎಸೆದು ಅಭ್ಯಾಸವಿರುವ ಹಿರಿಯರಿಗೆ ಹೇಳಿಡಿ, ಇಲ್ಲಿ ಏನನ್ನೂ ಎಸೆಯುವಂತಿಲ್ಲ. ಎಸೆದರೂ ಪ್ರಯೋಜನವಿಲ್ಲ; ಮೊಟ್ಟೆಯಿಡಲು ಹೊಳೆಗೆ ಬಂದ ಸಾಲ್ಮನ್ ತಿನ್ನುವುದನ್ನೇ ಬಿಟ್ಟಿರುತ್ತದೆ. ಪುಳಿಯೋಗರೆಯ ಡಬ್ಬಿ, ಚಕ್ಕುಲಿಯ ಪೊಟ್ಟಣ ಕರಡಿಯಿರುವ ಕಾಲುದಾರಿಗೆ ಬರಬಾರದು. ಬ್ರೂಕ್ಸ್‌ನಲ್ಲಂತೂ ಕಾಲುದಾರಿಗೆ ಬರಿಯ ನೀರು ಬಿಟ್ಟು ಬೇರೇನನ್ನೂ ತೆಗೆದುಕೊಂಡು ಹೋಗುವಂತಿಲ್ಲ. ಮನುಷ್ಯರ ತಿಂಡಿಯ ರುಚಿ ಹತ್ತಿದ ಕರಡಿಯನ್ನು ಕೊನೆಗೆ ಕೊಲ್ಲಬೇಕಾಗುತ್ತದೆ.

ಹೊಳೆಯ ಸದ್ದಿನಲ್ಲಿ ಕರಡಿಗೆ ನಿಮ್ಮ ಹೆಜ್ಜೆ ಕೇಳಿಸುವುದಿಲ್ಲ. ಮಾತನಾಡುತ್ತಾ, ತಿರುವುಗಳಲ್ಲಿ ಚಪ್ಪಾಳೆ ತಟ್ಟುತ್ತಾ, ಗುಂಪಾಗಿ ನಡೆಯಿರಿ. ಎದುರಾದರೆ ಓಡಬೇಡಿ, ಶಾಂತವಾಗಿ ಮಾತನಾಡುತ್ತಾ ಹಿಂದೆ ಸರಿಯಿರಿ. ಭುಜದ ಮೇಲೆ ಗೂನು ಇದ್ದರೆ ಅದು ಕಂದು ಕರಡಿ. ಅದು ಮೈಮೇಲೆ ಬಿದ್ದರೆ ಬೋರಲು ಮಲಗಿ ಕತ್ತಿನ ಹಿಂಭಾಗವನ್ನು ಕೈಯಿಂದ ಮುಚ್ಚಿಕೊಂಡು ಅಲುಗದಿರಬೇಕು. ಕಪ್ಪು ಕರಡಿಯಾದರೆ ಕೈಗೆ ಸಿಕ್ಕಿದ್ದರಲ್ಲಿ ಹೊಡೆದಾಡಬೇಕು. ಕರಡಿ ಸ್ಪ್ರೇ ಡಬ್ಬಿಯನ್ನು ವಿಮಾನದಲ್ಲಿ ಒಯ್ಯುವಂತಿಲ್ಲ, ಕೈಚೀಲದಲ್ಲೂ ಇಲ್ಲ, ಸಾಮಾನಿನಲ್ಲೂ ಇಲ್ಲ. ಇಳಿದ ಊರಿನಲ್ಲೇ ಕೊಳ್ಳಿ.

ಮೊಣಕಾಲು ನೋವಿನ ಅಪ್ಪ ಅಮ್ಮ ಜೊತೆಗಿದ್ದರೆ ರೆಂಟನ್ ಅಥವಾ ತಾಹೋ, ಎರಡನೆಯ ಯೋಚನೆ ಬೇಡ. ಹತ್ತು ದಾಟಿದ ಮಕ್ಕಳು ಮತ್ತು ಒಂದು ವಾರದ ರಜೆ ಇದ್ದರೆ ಜೂನೋ. ಛಾಯಾಗ್ರಹಣದ ಹುಚ್ಚಿದ್ದರೆ ಬ್ರೂಕ್ಸ್. ಅಲ್ಲಿನ ಡೇರೆ ತಾಣದ ಕಾಯ್ದಿರಿಸುವಿಕೆ ಜನವರಿಯಲ್ಲಿ ತೆರೆಯುತ್ತದೆ, ಜುಲೈನ ದಿನಗಳು ನೋಡುನೋಡುತ್ತಲೇ ಮುಗಿಯುತ್ತವೆ, ಲಾಡ್ಜ್‌ನ ಕೊಠಡಿಗಳಿಗೆ ಲಾಟರಿ. ಆಡಮ್ಸ್ ಹೊಳೆಯ ದೊಡ್ಡ ವರ್ಷಕ್ಕೆ ಚೇಸ್ ಮತ್ತು ಸಾಲ್ಮನ್ ಆರ್ಮ್ ಎಂಬ ಊರುಗಳಲ್ಲಿ ಕೊಠಡಿ ಸಿಗದಿದ್ದರೆ ಕಾಮ್‌ಲೂಪ್ಸ್‌ನಲ್ಲಿ ಹುಡುಕಿ. ಒಂದು ಗಂಟೆಯೊಳಗಿನ ದಾರಿ, ಊರೂ ದೊಡ್ಡದು.